ನ್ಯೋಸ್ ಸರೋವರ: ಪೈಪ್ ಬರಲು ಹದಿನೈದು ವರ್ಷ

ಕ್ಯಾಮರೂನ್ ದೇಶದ ನ್ಯೋಸ್ ಸರೋವರಕ್ಕೆ, ತಳದಲ್ಲಿ ಸೇರಿದ ಅಪಾಯಕಾರಿ ಅನಿಲವನ್ನು ಹೊರಬಿಡಲು, 2001ರಲ್ಲಿ ಒಂದು ಪೈಪ್ ಇಳಿಸಿದರು. ನೀರು ಸುಮಾರು 50 ಮೀಟರ್ ಎತ್ತರಕ್ಕೆ ಚಿಮ್ಮಿತು. ಪಂಪ್ ಬೇಕಾಗಿದ್ದು ಶುರುವಿಗೆ ಮಾತ್ರ. ಆಮೇಲೆ ತಳದ ಅನಿಲವೇ ನೀರನ್ನು ಮೇಲಕ್ಕೆ ತಳ್ಳತೊಡಗಿತು.

ಹಳೆಯ ಜ್ವಾಲಾಮುಖಿಯ ಬಾಯಲ್ಲಿ ನಿಂತ ನೀರು ಇದು. ಆಳ 200 ಮೀಟರ್‌ಗೂ ಜಾಸ್ತಿ. ಚಳಿ ದೇಶಗಳಲ್ಲಿ ಮೇಲಿನ ನೀರು ತಣ್ಣಗಾಗಿ, ಭಾರವಾಗಿ ಕೆಳಗಿಳಿಯುತ್ತದೆ. ತಳದ ನೀರು ಮೇಲೆ ಬರುತ್ತದೆ. ಇಲ್ಲಿ ಅಂಥ ಚಳಿ ಇಲ್ಲ, ಸುತ್ತ ಗುಡ್ಡಗಳಿರೋದರಿಂದ ಗಾಳಿಯೂ ಕಡಿಮೆ. ಹಾಗಾಗಿ ತಳದ ನೀರು ತಳದಲ್ಲೇ ಉಳಿಯಿತು. ಭೂಮಿಯೊಳಗಿಂದ ಬರುವ ಇಂಗಾಲದ ಡೈಆಕ್ಸೈಡ್ ಅದರಲ್ಲಿ ಕರಗುತ್ತಾ ಹೋಯಿತು. ಗೋಲಿ ಸೋಡಾದಲ್ಲಿ ಗೋಲಿ ಮಾಡುವ ಕೆಲಸವನ್ನು ಇಲ್ಲಿ ಮೇಲಿನ ನೀರಿನ ಭಾರ ಮಾಡುತ್ತಿತ್ತು. ಗೋಲಿ ಒತ್ತಿದರೆ ಏನಾಗುತ್ತೆ ಅಂತ ನಮಗೆಲ್ಲ ಗೊತ್ತು, ಅಲ್ವಾ?

ಮೊದಲ ಸುಳಿವು ಸಿಕ್ಕಿದ್ದು 1984ರ ಆಗಸ್ಟ್‌ನಲ್ಲಿ. ಅದೇ ದೇಶದ ಮೊನೂನ್ ಸರೋವರದ ಬಳಿ 37 ಜನ ಸತ್ತರು. ಸರೋವರವೇ ಕೊಂದಿತು ಅಂದರೆ ನಂಬುವವರು ಆಗ ಕಡಿಮೆ.

ಎರಡೇ ವರ್ಷ. 1986ರ ಆಗಸ್ಟ್ 21ರ ರಾತ್ರಿ ನ್ಯೋಸ್ ಉಕ್ಕಿತು. ಅನಿಲ ಗಾಳಿಗಿಂತ ಭಾರ, ಕಣಿವೆ ಹಿಡಿದು ಹರಿಯಿತು. ದೀಪಗಳು ಆರಿದವು. 25 ಕಿಲೋಮೀಟರ್ ದೂರದವರೆಗೂ ಜನ ಉಸಿರುಕಟ್ಟಿ ಸತ್ತರು, ಒಟ್ಟು 1,700ಕ್ಕೂ ಹೆಚ್ಚು. ಮನೆಗಳು ಹಾಗೇ ನಿಂತಿದ್ದವು. ಸತ್ತ ದನಗಳ ಮೇಲೆ ನೊಣ ಕೂಡ ಕೂತಿರಲಿಲ್ಲ, ಅವೂ ಸತ್ತಿದ್ದವು. ತಳದ ಕಬ್ಬಿಣ ಮೇಲೆ ಬಂದು ಗಾಳಿ ತಾಗಿ ನೀರೆಲ್ಲ ಕೆಂಪಾಗಿತ್ತು.

ಮುಂದಿನ ವರ್ಷ ದೇಶದ ರಾಜಧಾನಿ ಯವುಂಡೆಯಲ್ಲಿ ವಿಜ್ಞಾನಿಗಳು ಸೇರಿದರು. ಜ್ವಾಲಾಮುಖಿ ಸಿಡಿಯಿತು ಅಂತ ಒಂದು ಗುಂಪು, ಕರಗಿದ್ದ ಅನಿಲವೇ ಉಕ್ಕಿತು ಅಂತ ಇನ್ನೊಂದು. ಯಾರ ಮಾತು ಸರಿಯಾದರೂ ತಳದಲ್ಲಿ ಅನಿಲ ಇನ್ನೂ ಉಳಿದಿತ್ತು, ದಿನದಿನಕ್ಕೂ ಸೇರುತ್ತಿತ್ತು. ಆದರೂ ಪರೀಕ್ಷೆಗೆ ಅಂತ ಒಂದು ಪೈಪ್ ಇಳಿಸುವಷ್ಟರಲ್ಲಿ 1995 ಬಂತು. ಶಾಶ್ವತ ಪೈಪ್‌ಗೆ ಮತ್ತೆ ಆರು ವರ್ಷ. ಒಂದೇ ಸಾಲದು ಅಂತ ಇನ್ನೆರಡು ಸೇರಿಸಿದ್ದು 2011ರಲ್ಲಿ. ಕೆಲಸ ಕಷ್ಟದ್ದೇ, ದುಡ್ಡೂ ಬೇಕು. ಆದರೆ ಗೊತ್ತಿದ್ದ ಅಪಾಯಕ್ಕೆ ಇದು ತುಂಬಾ ಉದ್ದದ ಕಾಯುವಿಕೆ.

ರುವಾಂಡ ಮತ್ತು ಕಾಂಗೋ ಗಡಿಯ ಕಿವು ಸರೋವರದಲ್ಲೂ ಇಂಥದೇ ಅನಿಲ ಇದೆ, ಜೊತೆಗೆ ಉರಿಯುವ ಮೀಥೇನ್ ಅನಿಲವೂ ಇದೆ, ಅದರಿಂದ ಈಗ ಕರೆಂಟ್ ತಯಾರಾಗುತ್ತಿದೆ.

ನ್ಯೋಸ್‌ನಲ್ಲಿ ಬದುಕುಳಿದ ಸಾವಿರಾರು ಜನರನ್ನು ದೂರದ ಶಿಬಿರಗಳಿಗೆ ಸಾಗಿಸಿದ್ದರು. ಅಲ್ಲಿ ಹುಟ್ಟಿದ ಮಕ್ಕಳು ಅಲ್ಲೇ ದೊಡ್ಡವರಾದರು. ಕೆಲವರು ಮಾತ್ರ ಯಾರನ್ನೂ ಕೇಳದೆ ಹಳೆಯ ಜಮೀನಿಗೆ ಮರಳಿ ಬೇಸಾಯ ಹಿಡಿದರು.