ದಾಸವಾಳದ ಗಿಡದಲ್ಲಿ ನಾಲ್ಕು ಸೂರಕ್ಕಿಗಳು: ಕರಾವಳಿಯ ಹಿತ್ತಿಲ ಹಕ್ಕಿಗಳ ಅಧ್ಯಯನ ಟಿಪ್ಪಣಿ

ಉಡುಪಿ, ಮಂಗಳೂರು ಕಡೆಯ ಮನೆಗಳಲ್ಲಿ ಕುಳಿತೇ ಹಕ್ಕಿಗಳನ್ನು ಗುರುತಿಸಲು ಕಲಿಯುತ್ತಿರುವ ನನ್ನಂಥವರಿಗಾಗಿ ಈ ಟಿಪ್ಪಣಿಯನ್ನು ಬರೆಯುತ್ತಿದ್ದೇನೆ. ಕಾಗೆ, ಗೊರವಂಕ, ಕೆಂಬೂತ, ಮಿಂಚುಳ್ಳಿ, ಗಿಳಿ, ಗರುಡ ಇವುಗಳನ್ನು ಇಲ್ಲಿ ಹುಟ್ಟಿ ಬೆಳೆದವರಿಗೆ ಯಾರೂ ತೋರಿಸಿಕೊಡಬೇಕಾಗಿಲ್ಲವಾದ್ದರಿಂದ ಅವುಗಳ ವರ್ಣನೆಯನ್ನು ಬಿಟ್ಟಿದ್ದೇನೆ. ಕಲಿಯುವವರ ಕಾಲು ತೊಡರುವುದು ಹೂವಿನ ಮಕರಂದ ಹೀರುವ, ಅಂಗೈಯೊಳಗೆ ಅಡಗುವಷ್ಟು ಚಿಕ್ಕದಾದ ಸೂರಕ್ಕಿಗಳಲ್ಲಿ (ಸನ್‌ಬರ್ಡ್). ಆದ್ದರಿಂದ ಆ ಭಾಗವು ಉಳಿದವುಗಳಿಗಿಂತ ಬಹಳ ಉದ್ದವಾಗಿದೆ.

ಹಿತ್ತಿಲು

ಹಕ್ಕಿಗಳನ್ನು ಕರೆಸಿಕೊಳ್ಳಲು ಕಾಳು ಚೆಲ್ಲುವುದಕ್ಕಿಂತ ಗಿಡ ನೆಡುವುದು ಲೇಸು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಂಗಳಕ್ಕೆ ಅಕ್ಕಿ ಚೆಲ್ಲಿದರೆ ಬರುವವು ಬಹುತೇಕ ಕಾಗೆ ಮತ್ತು ಪಾರಿವಾಳಗಳು. ಕೆಂಪು ದಾಸವಾಳ, ಕೇಪಳ, ಬಾಳೆ, ಪಪ್ಪಾಯಿ, ಕರಿಬೇವು ಇಷ್ಟಿದ್ದರೆ ವರ್ಷದ ಯಾವ ತಿಂಗಳಲ್ಲಿಯೂ ನೋಡಲು ಏನಾದರೊಂದು ಇರುತ್ತದೆ. ಬಾಳೆಯ ಹೂವಿನ ಮಕರಂದಕ್ಕೆ ಸೂರಕ್ಕಿಗಳೂ, ಕರಿಬೇವಿನ ಕಪ್ಪು ಹಣ್ಣಿಗೆ ಪಿಕಳಾರಗಳೂ, ಬಿರಿದ ಪಪ್ಪಾಯಿಗೆ ಕುಟ್ರುಹಕ್ಕಿಗಳೂ ಬರುತ್ತವೆ. ಜಾಗವಿದ್ದವರು ಗಸಗಸೆ ಹಣ್ಣಿನ ಮರವೊಂದನ್ನು ಬೆಳೆಸಿದರೆ ಅದು ಬೇಗ ನೆರಳು ಕೊಡುವುದಲ್ಲದೆ ಬದನಿಕೆ ಹಕ್ಕಿಯನ್ನೂ ಕಣ್ಣಿನ ಮಟ್ಟಕ್ಕೆ ಇಳಿಸುತ್ತದೆ. ಮಾವಿನ ಮರಕ್ಕೆ ಹತ್ತಿಕೊಳ್ಳುವ ಪರಾವಲಂಬಿ ಗಿಡವಾದ ಬದನಿಕೆಯನ್ನು ಪೂರ್ತಿ ಕಡಿದು ಹಾಕದೆ ಒಂದೆರಡು ಗೊಂಚಲನ್ನು ಉಳಿಸುವುದೂ ಒಳ್ಳೆಯದು. ಅದರ ಹಣ್ಣನ್ನು ತಿಂದು, ಅಂಟಂಟಾದ ಬೀಜವನ್ನು ಕೊಂಬೆಗೆ ಒರೆಸಿ ಹೋಗುವ ಕೆಲಸದಿಂದಲೇ ಆ ಹಕ್ಕಿಗೆ ಈ ಹೆಸರು ಬಂದಿದೆ.

ಸೂರಕ್ಕಿಗಳಿಗೆ ಸಕ್ಕರೆ ನೀರಿಡುವ ಅಗತ್ಯವಿಲ್ಲ. ಅವು ಮಕರಂದದ ಜೊತೆಗೆ ಕೀಟಗಳನ್ನೂ ಜೇಡಗಳನ್ನೂ ತಿನ್ನುತ್ತವೆ. ಮರಿಗಳಿಗಂತೂ ಮುಖ್ಯವಾಗಿ ಹುಳುಗಳೇ ಆಹಾರ. ಹಾಗಾಗಿ ಗಿಡಗಳಿಗೆ ಕೀಟನಾಶಕ ಹೊಡೆಯದಿರುವುದೇ ಅವುಗಳಿಗೆ ನಾವು ಮಾಡಬಹುದಾದ ದೊಡ್ಡ ಉಪಕಾರ. ನೀರಿಗೆ ಎರಡು ಮೂರು ಬೆರಳು ಆಳದ ಅಗಲವಾದ ಮಣ್ಣಿನ ತಟ್ಟೆ ಸಾಕು. ಆದರೆ ಆ ನೀರನ್ನು ದಿನವೂ ಚೆಲ್ಲಿ ಹೊಸದನ್ನು ತುಂಬಬೇಕು. ಸೊಳ್ಳೆಯ ಮೊಟ್ಟೆಯು ಹಾರುವ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕಾಗುವುದರಿಂದ ಮಲೇರಿಯಾ, ಡೆಂಗಿಯ ಭಯವಿರುವ ನಮ್ಮ ಊರುಗಳಲ್ಲಿ ಇದರಲ್ಲಿ ಉದಾಸೀನ ಸಲ್ಲದು.

ಬೇಸಿಗೆ

ಹಲಸಿನ ಹಪ್ಪಳವನ್ನು ಚಾಪೆಯ ಮೇಲೆ ಒಣಹಾಕಿದ ದಿನ ಮನೆಯಲ್ಲಿ ಯಾರಾದರೊಬ್ಬರು ಕಾಗೆ ಕಾಯಲು ಕುಳಿತುಕೊಳ್ಳಲೇಬೇಕು. ಹಕ್ಕಿಗಳನ್ನು ಕಲಿಯಲು ಇದಕ್ಕಿಂತ ಉತ್ತಮವಾದ ಪೀಠವಿಲ್ಲ. ಕೈಯಲ್ಲಿ ಪುನರ್ಪುಳಿ ಶರಬತ್ತಿನ ಲೋಟ ಹಿಡಿದು, ಜಗಲಿಯ ನೆರಳಿನಲ್ಲಿ ಅಲುಗಾಡದೆ ಕುಳಿತವರನ್ನು ಹಕ್ಕಿಗಳು ಸ್ವಲ್ಪ ಹೊತ್ತಿನಲ್ಲಿಯೇ ಲೆಕ್ಕಕ್ಕೆ ತೆಗೆದುಕೊಳ್ಳದಂತಾಗುತ್ತವೆ.

ಬೇಸಿಗೆಯಲ್ಲಿ ಕಿವಿಯಿಂದ ಕಲಿಯಬೇಕು. ನಸುಕಿನಲ್ಲಿ ತೆಂಗಿನ ತುದಿಯಿಂದ ಸಿಳ್ಳೆ ಹಾಕಿದಂತೆ ರಾಗವನ್ನು ಬದಲಿಸುತ್ತ ಹಾಡುವುದು ಗಂಡು ಮಡಿವಾಳ ಹಕ್ಕಿ. ಚಳಿಗಾಲದಲ್ಲಿ ಬಹುಮಟ್ಟಿಗೆ ಸುಮ್ಮನಿರುವ ಇದು ಮರಿ ಮಾಡುವ ಕಾಲ ಬಂದೊಡನೆ ಬಾಯಿ ಬಿಡುತ್ತದೆ. ‘ಕುಟ್ರೂ ಕುಟ್ರೂ’ ಎಂದು ಹಿತ್ತಿಲನ್ನೆಲ್ಲ ತುಂಬುವುದು ಪಶ್ಚಿಮ ಘಟ್ಟ ಮತ್ತು ಅದರ ಆಸುಪಾಸಿನಲ್ಲಿ ಮಾತ್ರ ಸಿಗುವ ಬಿಳಿಗೆನ್ನೆಯ ಕುಟ್ರುಹಕ್ಕಿ. ಒಂದೇ ಲಯದಲ್ಲಿ ‘ಟಂಕ್, ಟಂಕ್’ ಎನ್ನುವುದು ಅದರ ಚಿಕ್ಕ ಬಂಧುವಾದ ಕಂಚುಗಾರ ಹಕ್ಕಿ. ಇದು ಕೂಗುವಾಗ ತಲೆಯನ್ನು ಅತ್ತಿತ್ತ ತಿರುಗಿಸುವುದರಿಂದ ಧ್ವನಿಯು ಬೇರೆ ಬೇರೆ ಮರಗಳಿಂದ ಬಂದಂತೆ ಕೇಳಿಸುತ್ತದೆ. ಹೊಸಬರು ಇದನ್ನು ಹುಡುಕುವಾಗ ಧ್ವನಿಯನ್ನು ನಂಬದೆ ಎಲೆಯಿಲ್ಲದ ಎತ್ತರದ ರೆಂಬೆಗಳನ್ನೇ ನೋಡುವುದು ಸರಿ.

ಕೋಗಿಲೆಯ ಬಗ್ಗೆ ಒಂದೇ ಮಾತು. ‘ಕುಹೂ’ ಎಂದು ಏರುವ ಸ್ವರ ಕಪ್ಪು ಗಂಡಿನದು. ಕಂದು ಮೈಯಲ್ಲಿ ಬಿಳಿಯ ಚುಕ್ಕೆಗಳಿರುವ ಹೆಣ್ಣು ‘ಕಿಕ್ ಕಿಕ್ ಕಿಕ್’ ಎಂದು ಚೀರುತ್ತದೆ. ಕಣ್ಣು ಎರಡಕ್ಕೂ ಕೆಂಪು. ಕಾಗೆಯ ಗೂಡಿನ ಸುತ್ತ ಗದ್ದಲವೆದ್ದಾಗ ನೋಡಿದರೆ ಎರಡೂ ಒಟ್ಟಿಗೆ ಸಿಗುವ ಸಾಧ್ಯತೆಯಿದೆ.

ಮಳೆಗಾಲ ಮತ್ತು ಸೂರಕ್ಕಿಗಳ ತೊಡಕು

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 4,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಳೆ ಹೊಳವಾಗಿ ಆಕಾಶ ಇನ್ನೂ ಮುಚ್ಚಿಕೊಂಡೇ ಇರುವ ಅರ್ಧ ಗಂಟೆಯಲ್ಲಿ ಸೂರಕ್ಕಿಗಳು ದಾಸವಾಳಕ್ಕೆ ಮುಗಿಬೀಳುತ್ತವೆ. ಅವು ತೀರ ಹತ್ತಿರದಲ್ಲಿಯೂ ಇರುತ್ತವೆ. ಆದರೆ ಪುಸ್ತಕದಲ್ಲಿ ಹೊಳೆಯುವ ಹಸಿರು, ನೇರಳೆ ಎಂದು ಬರೆದಿರುವುದೆಲ್ಲ ಆಗ ಬರಿಯ ಕಪ್ಪಾಗಿ ಕಾಣುತ್ತದೆ. ಈ ಹಂತವನ್ನು ದಾಟಲು ನನಗೆ ಬಹಳ ಕಾಲ ಹಿಡಿಯಿತು. ಕಾರಣ ತಿಳಿದ ಮೇಲೆ ದಾರಿ ಸುಲಭವಾಯಿತು. ಆ ಕಾರಣವನ್ನು ವಿವರವಾಗಿಯೇ ಹೇಳುತ್ತೇನೆ.

ಹಕ್ಕಿಯ ಗರಿಗೆ ಬಣ್ಣ ಬರುವುದು ಎರಡು ರೀತಿಗಳಲ್ಲಿ. ಒಂದು, ಗರಿಯೊಳಗೆ ಸೇರಿರುವ ವರ್ಣದ್ರವ್ಯದಿಂದ. ಸೂರಕ್ಕಿಯ ಹೊಟ್ಟೆಯ ಹಳದಿ ಈ ಬಗೆಯದು. ಎರಡು, ಗರಿಯ ಅತಿಸೂಕ್ಷ್ಮ ರಚನೆಯಿಂದ. ಗರಿಯ ಎಳೆಗಳಲ್ಲಿ ಪದರಪದರವಾಗಿ ಜೋಡಣೆಗೊಂಡಿರುವ ಮೆಲನಿನ್ ಎಂಬ ಕಪ್ಪು ದ್ರವ್ಯದ ಕಣಗಳಿಗೆ ಬೆಳಕು ಬಡಿದು ಹಿಂದಿರುಗುವಾಗ ಕೆಲವು ಬಣ್ಣಗಳು ಒಂದನ್ನೊಂದು ಬಲಪಡಿಸುತ್ತವೆ, ಕೆಲವು ಅಳಿದುಹೋಗುತ್ತವೆ. ಗಂಡು ಸೂರಕ್ಕಿಯ ನೆತ್ತಿಯ ಹಸಿರು, ಗಂಟಲಿನ ನೇರಳೆ, ಬೆನ್ನ ಕೆಳಗಿನ ಹೊಳಪು ಇವೆಲ್ಲ ಎರಡನೆಯ ಬಗೆಯವು. ನೋಡುವ ಕೋನ ತಪ್ಪಿದರೆ ಅಥವಾ ನೇರ ಬಿಸಿಲಿಲ್ಲದಿದ್ದರೆ ಆ ಹೊಳಪು ಇಲ್ಲವಾಗಿ ಒಳಗಿನ ಮೆಲನಿನ್‌ನ ಕಪ್ಪೊಂದೇ ಉಳಿಯುತ್ತದೆ. ವರ್ಣದ್ರವ್ಯದ ಬಣ್ಣವು ಮಂಕಾಗಬಹುದೇ ಹೊರತು ಹೀಗೆ ಮಾಯವಾಗುವುದಿಲ್ಲ. ಹಾಗಾದರೆ ಮೋಡದ ದಿನ ನಾವು ನಂಬಬೇಕಾದದ್ದು ಹೊಟ್ಟೆಯ ಬಣ್ಣವನ್ನು ಮತ್ತು ಕೊಕ್ಕಿನ ಅಳತೆಯನ್ನು. ಹೊಳಪನ್ನು ಬಿಸಿಲು ಬರುವ ತನಕ ಪಕ್ಕಕ್ಕಿಡಬೇಕು.

ನನ್ನ ಅಚ್ಚುಮೆಚ್ಚಿನ ಸೂತ್ರ ಇದು: ಮೊದಲು ಹೊಟ್ಟೆ, ಆಮೇಲೆ ಕೊಕ್ಕು, ಕೊನೆಗೆ ಬೆನ್ನು. ಹೊಟ್ಟೆಯನ್ನು ಮೊದಲು ಹೇಳಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಹೂವಿನ ಬುಡಕ್ಕೆ ಕತ್ತು ಚಾಚಿ, ತಲೆಕೆಳಗಾಗಿ ಜೋತುಬಿದ್ದು ಮಕರಂದ ಹೀರುವ ಹಕ್ಕಿಯಲ್ಲಿ ನಮಗೆ ಮೊದಲು ಕಾಣಿಸುವುದೇ ಹೊಟ್ಟೆ.

ಗಂಡಿನ ಹೊಟ್ಟೆ ಹಳದಿಯಾಗಿದ್ದು, ಅದರ ಎರಡು ಪಕ್ಕಗಳು ಬೆಳ್ಳಗಿದ್ದರೆ ಅದು ನೇರಳೆ ಪೃಷ್ಠದ ಸೂರಕ್ಕಿ. ಸುಮಾರು 10 ಸೆಂಟಿಮೀಟರ್ ಉದ್ದದ ಇದು ನಮ್ಮ ಹಿತ್ತಿಲುಗಳಲ್ಲಿ ತೀರ ಸಾಮಾನ್ಯ. ಹೊಟ್ಟೆ ಹಳದಿಯಾಗಿದ್ದರೂ ಹಕ್ಕಿ ಇನ್ನೂ ಚಿಕ್ಕದಾಗಿ, ಸುಮಾರು 8 ಸೆಂಟಿಮೀಟರಿನಷ್ಟೇ ಇದ್ದು, ಎದೆ ಮತ್ತು ಬೆನ್ನು ಗಾಢ ಕೆಂಪಾಗಿ ಕಂಡರೆ ಅದು ಕೆಂಬೆನ್ನಿನ ಸೂರಕ್ಕಿ. ಪಶ್ಚಿಮ ಘಟ್ಟಕ್ಕೆ ಸೀಮಿತವಾದ ಈ ಜಾತಿಯು ಮರಗಿಡ ದಟ್ಟವಾಗಿರುವ ತೋಟಗಳಿಗೂ ಬರುತ್ತದೆ.

ಹೊಟ್ಟೆಯಲ್ಲಿ ಹಳದಿಯೇ ಇಲ್ಲದೆ ಇಡೀ ಹಕ್ಕಿ ಕಪ್ಪಾಗಿ ಕಂಡರೆ ಉಳಿಯುವವು ಎರಡು, ಅವುಗಳನ್ನು ಬೇರ್ಪಡಿಸುವುದು ಕೊಕ್ಕು. ಕೊಕ್ಕು ತಲೆಗಿಂತ ಎದ್ದು ಕಾಣುವಷ್ಟು ಉದ್ದವಾಗಿ, ಕುಡುಗೋಲಿನಂತೆ ಬಾಗಿದ್ದರೆ ಅದು ಲೋಟೆನ್ ಸೂರಕ್ಕಿ. ಹದಿನೆಂಟನೆಯ ಶತಮಾನದಲ್ಲಿ ಸಿಲೋನಿನ ಡಚ್ ಗವರ್ನರ್ ಆಗಿದ್ದ ಲೋಟೆನ್ ಅವರ ಹೆಸರು ಇದಕ್ಕಿದೆ. ಇದರ ಎದೆಗೆ ಅಡ್ಡಲಾಗಿ ಕಡುಗೆಂಪು ಪಟ್ಟಿಯಿದ್ದು ಹೊಟ್ಟೆ ಮಾಸಲು ಕಂದಾಗಿರುತ್ತದೆ. ಕೊಕ್ಕು ಅಷ್ಟು ಉದ್ದವಿಲ್ಲದೆ ಹೊಟ್ಟೆಯೂ ಮೇಲಿನಷ್ಟೇ ಕಪ್ಪಾಗಿದ್ದರೆ ಅದು ನೇರಳೆ ಸೂರಕ್ಕಿ. ಹೆಸರುಗಳು ಹತ್ತಿರವಿದ್ದರೂ ‘ನೇರಳೆ’ ಮತ್ತು ‘ನೇರಳೆ ಪೃಷ್ಠದ’ ಸೂರಕ್ಕಿಗಳು ಪೂರ್ತಿ ಬೇರೆ ಹಕ್ಕಿಗಳು ಎಂಬುದನ್ನು ಪಟ್ಟಿ ಬರೆಯುವಾಗ ಮರೆಯಬಾರದು.

ಇಲ್ಲೊಂದು ಗಂಟಿದೆ. ನೇರಳೆ ಸೂರಕ್ಕಿಯ ಗಂಡು ಮರಿ ಮಾಡುವ ಕಾಲ ಮುಗಿದ ಮೇಲೆ ತನ್ನ ಕಪ್ಪು ಉಡುಪನ್ನು ಕಳಚಿ, ಹೆಣ್ಣಿನಂತೆ ಕೆಳಗೆಲ್ಲ ಹಳದಿಯಾಗಿ, ಗಂಟಲಿನಿಂದ ಹೊಟ್ಟೆಯವರೆಗೆ ಒಂದು ಕಪ್ಪು ಗೆರೆಯನ್ನು ಮಾತ್ರ ಉಳಿಸಿಕೊಳ್ಳುತ್ತದೆ. ನೇರಳೆ ಪೃಷ್ಠದ ಸೂರಕ್ಕಿಯ ಗಂಡು ಹೀಗೆ ವೇಷ ಬದಲಿಸುವುದಿಲ್ಲ. ಆದ್ದರಿಂದ ಹಳದಿ ಹೊಟ್ಟೆಯ ನಟ್ಟನಡುವೆ ಕಪ್ಪು ಗೆರೆ ಕಂಡು, ಕೊಕ್ಕು ಲೋಟೆನ್‌ನಷ್ಟು ಉದ್ದವಿಲ್ಲದಿದ್ದರೆ ನೇರಳೆ ಸೂರಕ್ಕಿ ಎಂದು ಬರೆದುಕೊಳ್ಳಬಹುದು.

ಹೆಣ್ಣುಗಳಲ್ಲಿ ಹೊಳಪೇ ಇಲ್ಲದಿರುವುದರಿಂದ ಅವು ಕಷ್ಟವೆಂದು ಎಲ್ಲರೂ ಹೇಳುತ್ತಾರೆ. ನನಗೆ ಅವು ಗಂಡುಗಳಿಗಿಂತ ಸುಲಭವೆನಿಸಿವೆ, ಏಕೆಂದರೆ ಅವುಗಳ ಬಣ್ಣವನ್ನು ಮೋಡ ಕದಿಯಲಾರದು. ಗಂಟಲು ಬೂದು ಬಿಳುಪಾಗಿ, ಎದೆಯಿಂದ ಹಳದಿ ಶುರುವಾದರೆ ನೇರಳೆ ಪೃಷ್ಠದ ಹೆಣ್ಣು. ಗಂಟಲಿನಿಂದಲೇ ಹಳದಿಯಿದ್ದರೆ ಮತ್ತೆ ಕೊಕ್ಕು ನೋಡಬೇಕು: ಉದ್ದವಾದರೆ ಲೋಟೆನ್, ಸಾಧಾರಣವಾದರೆ ನೇರಳೆ ಸೂರಕ್ಕಿ. ಹಾರಿದಾಗ ಬಾಲದ ಬುಡದಲ್ಲಿ ಕೆಂಪು ಕಂಡರೆ ಕೆಂಬೆನ್ನಿನ ಹೆಣ್ಣು.

ಇವುಗಳನ್ನು ಹಮ್ಮಿಂಗ್ ಬರ್ಡ್ ಎಂದು ಕರೆಯುವ ರೂಢಿ ನಮ್ಮಲ್ಲಿ ಬಹಳವಿದೆ. ಹಮ್ಮಿಂಗ್ ಬರ್ಡ್‌ಗಳು ಅಮೆರಿಕ ಖಂಡಗಳಲ್ಲಿ ಮಾತ್ರ ಇರುವ ಬೇರೆಯೇ ಕುಟುಂಬದವು. ನಮ್ಮ ಸೂರಕ್ಕಿಗಳು ಕ್ಷಣಕಾಲ ಗಾಳಿಯಲ್ಲಿ ನಿಲ್ಲಬಲ್ಲವಾದರೂ ಸಾಮಾನ್ಯವಾಗಿ ಕುಳಿತೇ ಹೀರುತ್ತವೆ. ದೊಡ್ಡ ದಾಸವಾಳದ ಬುಡಕ್ಕೆ ಹೊರಗಿನಿಂದಲೇ ತೂತು ಕೊರೆದು, ಪರಾಗವನ್ನು ಮುಟ್ಟದೆ ಮಕರಂದ ಕದಿಯುವುದೂ ಉಂಟು. ಬಾಡಿದ ಹೂವಿನ ಬುಡದಲ್ಲಿ ಆ ತೂತನ್ನು ಹುಡುಕುವುದು ಮಕ್ಕಳಿಗೆ ಒಳ್ಳೆಯ ಕೆಲಸ.

ಜೇಡರ ಬಲೆಯ ನೂಲಿನಿಂದ ಹೆಣೆದು, ತೊಗಟೆಯ ಚೂರುಗಳನ್ನು ಹೊರಗೆ ಅಂಟಿಸಿದ, ಬಾಗಿಲ ಮೇಲೆ ಸಣ್ಣ ಚಾವಣಿಯಿರುವ ಚೀಲದಂಥ ಗೂಡನ್ನು ಇವು ಮನೆಯ ಸಮೀಪದಲ್ಲಿಯೇ, ಕೆಲವೊಮ್ಮೆ ಜಗಲಿಯ ತಂತಿಯಲ್ಲಿಯೇ ತೂಗುಬಿಡುತ್ತವೆ. ಸಾಮಾನ್ಯವಾಗಿ ಎರಡು ಮೊಟ್ಟೆ, ಕಾವು ಸುಮಾರು ಎರಡು ವಾರ. ಹಬ್ಬಕ್ಕೆಂದು ಜೇಡರ ಬಲೆ ಹೊಡೆಯುವ ಮುನ್ನ ಕಸದಂತೆ ತೂಗುತ್ತಿರುವುದು ಗೂಡಲ್ಲವೆಂದು ಖಚಿತಪಡಿಸಿಕೊಳ್ಳಬೇಕೆಂದು ಮನೆಯವರಿಗೆಲ್ಲ ಹೇಳಿಡುವುದು ಅವಶ್ಯ.

ಮಳೆಗಾಲದ ಉಳಿದ ಹಕ್ಕಿಗಳಲ್ಲಿ ಹುಂಡುಕೋಳಿಯನ್ನು ಬಿಡುವಂತಿಲ್ಲ. ಆಟಿ ತಿಂಗಳಲ್ಲಿ ಪತ್ರೊಡೆಗೆಂದು ಕೆಸುವಿನ ಎಲೆ ಕೊಯ್ಯಲು ತೋಡಿನ ಬದಿಗೆ ಹೋದವರು ಕಪ್ಪು ಮರಿಗಳನ್ನು ಕರೆದುಕೊಂಡು ಅಡ್ಡ ಓಡುವ ಬಿಳಿ ಎದೆಯ ತಾಯಿಯನ್ನು ನೋಡಿಯೇ ಇರುತ್ತಾರೆ. ರಾತ್ರಿಯ ಮಳೆಯಲ್ಲಿ ಗಂಟೆಗಟ್ಟಲೆ ‘ಕ್ವಾಕ್ ಕ್ವಾಕ್’ ಎಂದು ಕೇಳುವ ಸದ್ದು, ಕಪ್ಪೆಗಳ ವಟಗುಟ್ಟುವಿಕೆಯ ನಡುವೆಯೂ ಬೇರೆಯಾಗಿ ತಿಳಿಯುವಂಥದ್ದು, ಇದರದೇ.

ಚಳಿಗಾಲ

ಅಕ್ಟೋಬರ್ ನಂತರ ಹೊರಗಿನವರು ಬರುತ್ತಾರೆ. ಹಿಮಾಲಯದ ತಪ್ಪಲು ಮತ್ತು ಮಧ್ಯ ಭಾರತದ ಕಡೆಗಳಲ್ಲಿ ಮರಿ ಮಾಡಿದ ನವರಂಗವು ತರಗೆಲೆಗಳ ನಡುವೆ ಕುಪ್ಪಳಿಸುತ್ತ, ಬೆಳಗು ಮತ್ತು ಮುಸ್ಸಂಜೆಗಳಲ್ಲಿ ಎರಡು ಸ್ವರದ ಸಿಳ್ಳೆ ಹಾಕುತ್ತದೆ. ಹಿತ್ತಿಲಿನ ಒಂದು ಮೂಲೆಯ ತರಗೆಲೆಗಳನ್ನು ಗುಡಿಸದೆ ಬಿಡಲು ಈ ಹಕ್ಕಿಯೊಂದೇ ಸಾಕಷ್ಟು ಕಾರಣ. ಬೇಲಿಯೊಳಗಿನಿಂದ ‘ಟಕ್, ಟಕ್’ ಎಂದಷ್ಟೇ ಹೇಳಿ ಮುಖ ತೋರಿಸದಿರುವುದು ಪೂರ್ವ ಯೂರೋಪ್ ಮತ್ತು ಮಧ್ಯ ಏಷ್ಯಾದ ಕಡೆಯಿಂದ ಬರುವ ಬ್ಲೈತ್ ಉಲಿಯಕ್ಕಿ. ಬೂದು ಕಾಜಾಣ, ಹೊನ್ನಕ್ಕಿ, ಉದ್ದ ಬಾಲದ ರಾಜಹಕ್ಕಿ ಇವುಗಳನ್ನು ನೋಡಿದೊಡನೆ ಗುರುತಿಸಬಹುದು. ರಾಜಹಕ್ಕಿಯ ಬಲಿತ ಗಂಡು ಬಿಳಿಯೂ ಇರಬಹುದು, ಇಟ್ಟಿಗೆಗೆಂಪೂ ಇರಬಹುದು ಎಂಬುದನ್ನು ನೆನಪಿಟ್ಟುಕೊಂಡರಾಯಿತು. ಗುಳ್ಳದ ಹುಳಿಗೆ ಒಲೆಯ ಮೇಲೆ ಬೇಳೆ ಬೇಯುವಷ್ಟು ಹೊತ್ತು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದರೂ ಇವುಗಳಲ್ಲಿ ಒಂದಾದರೂ ಕಾಣಸಿಗುವ ಕಾಲವಿದು.

ಕಲಿತದ್ದನ್ನು ಪರೀಕ್ಷಿಸಿಕೊಳ್ಳಲು ಫೆಬ್ರವರಿಯ ಹಿತ್ತಿಲ ಹಕ್ಕಿ ಎಣಿಕೆ ಸೂಕ್ತವಾದದ್ದು. ಅಮೆರಿಕದಲ್ಲಿ 1998ರಲ್ಲಿ ಆರಂಭವಾದ ಈ ನಾಲ್ಕು ದಿನಗಳ ಎಣಿಕೆಗೆ ಭಾರತದಿಂದ 2013ರಿಂದ ಪಟ್ಟಿಗಳು ಸೇರುತ್ತಿವೆ. ಕನಿಷ್ಠ 15 ನಿಮಿಷ ಒಂದೆಡೆ ನಿಂತು, ಕಂಡ ಮತ್ತು ಕೇಳಿದ ಜಾತಿಗಳನ್ನೆಲ್ಲ ಸಂಖ್ಯೆಯ ಸಹಿತ ಹಕ್ಕಿಗಳ ಪಟ್ಟಿ ಸೇರಿಸುವ ಇ-ಬರ್ಡ್ ಜಾಲತಾಣದಲ್ಲಿ ದಾಖಲಿಸಿದರೆ ಸಾಕು. ಧ್ವನಿ ಗುರುತಿಸುವ ಮರ್ಲಿನ್ ಆ್ಯಪ್ ಸೂಚಿಸಿದ ಹೆಸರನ್ನು ಕಣ್ಣಿನಿಂದ ಅಥವಾ ಪರಿಚಿತ ಕಿವಿಯಿಂದ ದೃಢಪಡಿಸಿಕೊಂಡ ಮೇಲೆಯೇ ಪಟ್ಟಿಗೆ ಹಾಕಬೇಕು. ಹೊಟ್ಟೆಯೂ ಕೊಕ್ಕೂ ಸರಿಯಾಗಿ ಕಾಣದ ಹಕ್ಕಿಯನ್ನು ಊಹೆಯ ಮೇಲೆ ಯಾವುದೋ ಜಾತಿಗೆ ಸೇರಿಸದೆ ‘ಸೂರಕ್ಕಿ, ಜಾತಿ ನಿರ್ಧರಿಸಿಲ್ಲ’ ಎಂದೇ ಬರೆಯಬೇಕು. ಪಟ್ಟಿಯಲ್ಲಿ ಅದಕ್ಕೂ ಸ್ಥಾನವಿದೆ.