ಜವೆಗೋಧಿ ಇಲ್ಲದ ಬಿಯರ್: ಮುದ್ದೆ ಪಾತ್ರೆಯ ಮುಂದೆ ಕೂತು ಬರೆದ ಟಿಪ್ಪಣಿ

ಬಾರ್ಲಿಗೆ ಕನ್ನಡದಲ್ಲಿ ಜವೆಗೋಧಿ ಅಂತ ಹೆಸರು. ಗ್ಲುಟೆನ್ ಪಾಠದ ಅರ್ಧ ಈ ಹೆಸರಲ್ಲೇ ಇದೆ. ಗೋಧಿ, ಬಾರ್ಲಿ, ರೈ ಮೂರೂ ಒಂದೇ ಬಳಗದವು. ಗೋಧಿಯ ಗ್ಲಿಯಾಡಿನ್, ಬಾರ್ಲಿಯ ಹಾರ್ಡೀನ್, ರೈಯ ಸೆಕಾಲಿನ್ ಎಂಬ ಪ್ರೋಟೀನುಗಳು (ಒಟ್ಟಾಗಿ ಇವನ್ನೇ ಗ್ಲುಟೆನ್ ಅನ್ನುವುದು) ಸೀಲಿಯಾಕ್ ಕಾಯಿಲೆ ಇರುವವರ ಸಣ್ಣಕರುಳನ್ನು ಹಾಳುಮಾಡುತ್ತವೆ. ರಾಗಿ, ಜೋಳ, ಅಕ್ಕಿ, ಮುಸುಕಿನ ಜೋಳ ಈ ಬಳಗಕ್ಕೆ ಸೇರಿದವಲ್ಲ. ಹಾಗಿದ್ದರೆ ಬಾರ್ಲಿ ತೆಗೆದು ರಾಗಿ ಸುರಿದರೆ ಆಯಿತಲ್ಲ? ಆಹಾರ ವಿಜ್ಞಾನದ ಪರೀಕ್ಷೆಗೆ ಓದಲು ಕೂತಾಗ ನಾನೂ ಹಾಗೇ ಅಂದುಕೊಂಡಿದ್ದೆ. ಗ್ಲುಟೆನ್ ಬಿಡುವುದು ಸುಲಭದ ಭಾಗ. ಕಷ್ಟ ಇರುವುದು ಬಿಸಿಯ ಲೆಕ್ಕದಲ್ಲಿ.

ಮೊದಲು ಮೂಲ ವಿಷಯ. ಯೀಸ್ಟ್ ಪಿಷ್ಟ ತಿನ್ನುವುದಿಲ್ಲ, ಸಕ್ಕರೆ ತಿನ್ನುತ್ತದೆ. ಕಾಳು ಮೊಳಕೆ ಒಡೆಯುವಾಗ ತನ್ನ ಪಿಷ್ಟವನ್ನು ತಾನೇ ಕರಗಿಸಿಕೊಳ್ಳಲು ಕಿಣ್ವಗಳನ್ನು ತಯಾರಿಸುತ್ತದೆ. ಆಲ್ಫಾ ಅಮೈಲೇಸ್ ಪಿಷ್ಟದ ಉದ್ದ ಸರಪಳಿಯನ್ನು ಸಿಕ್ಕಸಿಕ್ಕಲ್ಲಿ ತುಂಡರಿಸುತ್ತದೆ. ಬೀಟಾ ಅಮೈಲೇಸ್ ತುದಿಯಿಂದ ಎರಡೆರಡೇ ಕೊಂಡಿ ಕಿತ್ತು ಮಾಲ್ಟೋಸ್ ಮಾಡುತ್ತದೆ. ಮೊಳಕೆ ಕಟ್ಟಿ ಒಣಗಿಸಿದ ಕಾಳೇ ಮಾಲ್ಟ್. ಮಗುವಿಗೆ ಮೊಳಕೆ ರಾಗಿಯ ಸರಿ ಮಾಡುವವರಿಗೆ ಇದು ಗೊತ್ತಿರುವ ವಿದ್ಯೆಯೇ: ಮೊಳಕೆ ಕಟ್ಟದ ರಾಗಿಯ ಸರಿ ಗಟ್ಟಿಯಾಗುತ್ತದೆ, ಮೊಳಕೆ ಕಟ್ಟಿದ್ದು ಅಷ್ಟೇ ಹಿಟ್ಟಿಗೂ ತೆಳ್ಳಗೆ ಇಳಿಯುತ್ತದೆ. ಹಾಗೆ ತೆಳುವಾಗಿಸುವುದು ಅಮೈಲೇಸ್.

ಈಗ ಮುದ್ದೆಗೆ ಬನ್ನಿ. ಉಗುರುಬೆಚ್ಚಗಿನ ನೀರಿಗೆ ರಾಗಿಹಿಟ್ಟು ಹಾಕಿ ತಿರುವಿದರೆ ಮುದ್ದೆ ಆಗುತ್ತದೆಯೇ? ಹಿಟ್ಟು ತಳಕ್ಕೆ ಕೂರುತ್ತದೆ, ಅಷ್ಟೇ. ಎಸರು ಕುದಿಯಬೇಕು, ಆಗ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಬಿಚ್ಚಿಕೊಳ್ಳುತ್ತವೆ. ಬಿಚ್ಚಿಕೊಳ್ಳದ ಪಿಷ್ಟಕ್ಕೆ ಕಿಣ್ವ ಸರಿಯಾಗಿ ಬಾಯಿ ಹಾಕಲಾರದು. ಬಾರ್ಲಿಯ ಪಿಷ್ಟ ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್‌ಗೆಲ್ಲ ಬಿಚ್ಚಿಕೊಳ್ಳುತ್ತದೆ, ಬೀಟಾ ಅಮೈಲೇಸ್ ಚೆನ್ನಾಗಿ ದುಡಿಯುವುದೂ ಅದೇ ಬಿಸಿಯಲ್ಲಿ. ಎರಡೂ ಒಂದೇ ಪಾತ್ರೆಯಲ್ಲಿ, ಒಂದೇ ಹೊತ್ತಿಗೆ! ಬಾರ್ಲಿ ಬಿಯರಿನ ರಾಜ ಆಗಿದ್ದಕ್ಕೆ ಇದೂ ಒಂದು ಕಾರಣ. ರಾಗಿ, ಜೋಳ, ಅಕ್ಕಿಯ ಪಿಷ್ಟಕ್ಕೆ ಇನ್ನೂ ಹೆಚ್ಚು ಬಿಸಿ ಬೇಕು. ಜೋಳದ್ದು 70 ದಾಟಿಯೂ ಹಟ ಹಿಡಿಯುತ್ತದೆ. ಅಷ್ಟು ಹೊತ್ತಿಗೆ ಬೀಟಾ ಅಮೈಲೇಸ್ ಸತ್ತಿರುತ್ತದೆ. ಊಟ ಬಡಿಸುವ ಹೊತ್ತಿಗೆ ಉಣ್ಣುವವನೇ ಇಲ್ಲ. ಸಾಲದ್ದಕ್ಕೆ ಜೋಳದ ಮಾಲ್ಟಿನಲ್ಲಿ ಬೀಟಾ ಅಮೈಲೇಸ್ ಇರುವುದೇ ಕಡಿಮೆ. ರಾಗಿ ಅದಕ್ಕಿಂತ ಮೇಲು, ಬಾರ್ಲಿಗೆ ಮಾತ್ರ ಸಮವಲ್ಲ.

ಪರಿಹಾರ ಚೆಂದ ಇದೆ, ನೆನಪಿಡಿ, ಪರೀಕ್ಷೆಗೂ ಬರುತ್ತದೆ. ಮಾಲ್ಟ್ ಹಿಟ್ಟನ್ನು 45–50 ಡಿಗ್ರಿ ನೀರಲ್ಲಿ ಅರ್ಧ ಗಂಟೆ ಕಲಸಿಡಿ. ಕಿಣ್ವ ನೀರಿಗೆ ಇಳಿಯುತ್ತದೆ. ಹಿಟ್ಟು ತಳಕ್ಕೆ ಕೂತ ಮೇಲೆ ತಿಳಿಯನ್ನು ಬಗ್ಗಿಸಿ ಬೇರೆ ಇಡಿ. ಕೆಳಗಿನ ಗಷ್ಟನ್ನು ಅಂಬಲಿಯ ಹಾಗೆ ಕುದಿಸಿ, 65ಕ್ಕೆ ಆರಿಸಿ, ಆಮೇಲೆ ತಿಳಿಯನ್ನು ವಾಪಸ್ ಸುರಿದು ಒಂದು ಒಂದೂವರೆ ಗಂಟೆ ಅದೇ ಬಿಸಿಯಲ್ಲಿ ಇಡಿ. ದೊಡ್ಡ ಕಾರ್ಖಾನೆಗಳು ಇಷ್ಟು ಪಾಡು ಪಡದೆ ಹೊರಗಿನ ಕಿಣ್ವ ಸೇರಿಸುತ್ತವೆ. 1988ರಲ್ಲಿ ನೈಜೀರಿಯಾ ಬಾರ್ಲಿ ಮಾಲ್ಟಿನ ಆಮದು ನಿಲ್ಲಿಸಿದಾಗ ಅಲ್ಲಿನ ಬ್ರೂವರಿಗಳು ಜೋಳ, ಮುಸುಕಿನ ಜೋಳಕ್ಕೆ ಹೊರಳಿದ್ದು ಮುಖ್ಯವಾಗಿ ಆ ದಾರಿಯಲ್ಲೇ.

ನಾನು ಸರಸ್ವತಿಪುರಂನ ಬಾಡಿಗೆ ಅಡುಗೆಮನೆಯಲ್ಲಿ ಇದನ್ನು ಸಿಹಿ ರಸದ ಹಂತದವರೆಗೆ ಮಾತ್ರ ಮಾಡಿ ನೋಡಿದೆ. ಅದರ ಮುಂದೆ ಹೋಗಬೇಡಿ: ಲೈಸೆನ್ಸ್ ಇಲ್ಲದೆ ಹುದುಗಿಸಿದರೆ ಕರ್ನಾಟಕ ಅಬಕಾರಿ ಕಾಯ್ದೆ, 1965 ನಿಮ್ಮನ್ನು ಹುಡುಕಿಕೊಂಡು ಬರುತ್ತದೆ. ಮದ್ದೂರಿನಿಂದ ಸೋದರತ್ತೆ ಕಳಿಸಿದ ರಾಗಿಯನ್ನು ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಎರಡೂವರೆ ದಿನ ಕಟ್ಟಿಟ್ಟೆ. ಮೊದಲ ಸಲ ಬೂಷ್ಟು ಬಂತು, ಏಪ್ರಿಲ್ ಸೆಕೆ. ಎರಡನೇ ಸಲ ಮೊಳಕೆ ಚೆನ್ನಾಗೇ ಬಂತು, ಆದರೆ ಘಮ ಬರಲಿ ಅಂತ ಬಾಂಡಲಿಯಲ್ಲಿ ಹುರಿದುಬಿಟ್ಟೆ. ರಸದ ಒಂದು ಹನಿಯನ್ನು ತಟ್ಟೆಗೆ ಹಾಕಿ ಟಿಂಚರ್ ಅಯೋಡಿನ್ ಬಿಟ್ಟರೆ ಕಡುನೀಲಿ. ಅಂದರೆ ಪಿಷ್ಟ ಇದ್ದ ಹಾಗೇ ಇದೆ. ಹುರಿದಾಗಲೇ ಕಿಣ್ವ ಸತ್ತಿತ್ತು. ಮೂರನೇ ಸಲ ನೆರಳಲ್ಲಿ ಒಣಗಿಸಿದೆ, ಮೇಲಿನ ಕ್ರಮದಲ್ಲೇ ಕಾಯಿಸಿದೆ. ಅಯೋಡಿನ್ ತನ್ನ ಕಂದು ಬಣ್ಣದಲ್ಲೇ ಉಳಿಯಿತು. ಅಷ್ಟು ಖುಷಿ ನನಗೆ ಅಂಕಪಟ್ಟಿ ನೋಡಿದಾಗಲೂ ಆಗಿಲ್ಲ. (ಅಯೋಡಿನ್ ಬಿಟ್ಟ ಹನಿಯನ್ನು ಚೆಲ್ಲಿ, ಪಾತ್ರೆಗೆ ವಾಪಸ್ ಹಾಕಬೇಡಿ.)

ಜೋಳದಲ್ಲಿ ಮಾಡುವವರಿಗೆ ಒಂದು ಎಚ್ಚರಿಕೆ. ಜೋಳದ ಮೊಳಕೆಯಲ್ಲಿ ಧುರಿನ್ ಎಂಬ ವಸ್ತು ಇದೆ, ಅದು ಒಡೆದರೆ ಸಯನೈಡ್ ಹೊರಬರುತ್ತದೆ. ಎಳೆ ಜೋಳದ ಪೈರು ಮೇಯ್ದ ದನ ಸಾಯುವುದು ಇದರಿಂದಲೇ. ಒಣಗಿದ ಮೇಲೆ ಬೇರು, ಮೊಳಕೆ ಎರಡನ್ನೂ ಉಜ್ಜಿ ತೆಗೆಯಲೇಬೇಕು.

ಸೋಸುವುದು ಇನ್ನೊಂದು ತಲೆನೋವು. ಬಾರ್ಲಿಯ ಸಿಪ್ಪೆಯೇ ಜರಡಿಯ ಕೆಲಸ ಮಾಡುತ್ತದೆ, ರಾಗಿಗೆ ಅಂಥ ಸಿಪ್ಪೆ ಇಲ್ಲ. ಗಷ್ಟು ಬಟ್ಟೆಗೆ ಅಂಟಿ ಕೂರುತ್ತದೆ. ಇದಕ್ಕೆ ತೊಳೆದ ಭತ್ತದ ಹೊಟ್ಟು ಬೆರೆಸುವುದು ರೂಢಿ, ಮಂಡ್ಯದ ಕಡೆ ಅದಕ್ಕೇನು ಬರವೇ? ಬೆಲ್ಲ ಸುರಿದು ಸುಲಭ ಮಾಡಿಕೊಳ್ಳೋಣ ಅಂತ ಗೆಳತಿಯೊಬ್ಬಳು ಅಂದಳು. ಬೆಲ್ಲದ ಸಕ್ಕರೆಯನ್ನು ಯೀಸ್ಟ್ ಹೆಚ್ಚುಕಮ್ಮಿ ಪೂರ್ತಿ ತಿಂದುಬಿಡುತ್ತದೆ. ಆಲ್ಕೋಹಾಲ್ ಏರುತ್ತದೆ, ಬಾಯಿಗೆ ನೀರು ಕುಡಿದಂತೆ. ನೊರೆಯೂ ನಿಲ್ಲದು, ಅದಕ್ಕೆ ಕಾಳಿನ ಪ್ರೋಟೀನ್ ಬೇಕು.

ರಾಗಿಯ ಹೆಂಡ ಹೊಸ ಸಂಗತಿಯೇನಲ್ಲ. ಸಿಕ್ಕಿಂ, ನೇಪಾಳದ ತೋಂಗ್ಬಾ ರಾಗಿಯದೇ. ಅಲ್ಲಿ ಕೋದೋ ಅಂದರೆ ನಮ್ಮ ರಾಗಿ, ಇಂಗ್ಲಿಷಿನಲ್ಲಿ ಕೋದೋ ಮಿಲೆಟ್ ಅನ್ನುವ ಹಾರಕ ಅಲ್ಲ. ಈ ಹೆಸರು ನನ್ನನ್ನು ಒಂದು ವಾರ ದಾರಿ ತಪ್ಪಿಸಿತ್ತು. ಅವರು ಮೊಳಕೆ ಕಟ್ಟುವುದೇ ಇಲ್ಲ: ರಾಗಿ ಬೇಯಿಸಿ ಮರ್ಚಾ ಎಂಬ ಬಿಲ್ಲೆ ಪುಡಿಮಾಡಿ ಉದುರಿಸುತ್ತಾರೆ, ಅದರಲ್ಲಿರುವ ಬೂಷ್ಟು ಪಿಷ್ಟವನ್ನು ಒಡೆಯುತ್ತದೆ, ಯೀಸ್ಟ್ ಉಳಿದದ್ದು ನೋಡಿಕೊಳ್ಳುತ್ತದೆ. ನಾನು ಎಸೆದ ಬೂಷ್ಟಿನ ನೆಂಟರು! ರಾಗಿಯ ತವರು ಪೂರ್ವ ಆಫ್ರಿಕಾದಲ್ಲೂ ಅದರ ಬಿಯರ್ ಇದೆ. ಮಂಡ್ಯದ ವಿ.ಸಿ. ಫಾರ್ಮ್ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಆ ಆಫ್ರಿಕಾದ ರಾಗಿಯನ್ನು ನಮ್ಮದರೊಡನೆ ಕೂಡಿಸಿ ತೆಗೆದ ತಳಿಗಳೇ ಇಂಡಾಫ್. ಇಂಡಿಯಾದ ಮೊದಲರ್ಧ, ಆಫ್ರಿಕಾದ ಮೊದಲರ್ಧ.

ಕೊನೆಗೆ ಲೇಬಲ್ಲಿನ ವಿಷಯ. ಗ್ಲುಟೆನ್ ಕಿಲೋಗೆ 20 ಮಿಲಿಗ್ರಾಂ ಮೀರದಿದ್ದರೆ ಮಾತ್ರ ಗ್ಲುಟೆನ್‌ಮುಕ್ತ ಅನ್ನಬಹುದು. ಬಾರ್ಲಿ ಬಿಯರಿಗೆ ಕಿಣ್ವ ಹಾಕಿ ಗ್ಲುಟೆನ್ ಕತ್ತರಿಸಿದ್ದು ಬೇರೆ ಜಾತಿ. ತುಂಡಾದ ಪ್ರೋಟೀನನ್ನು ಪರೀಕ್ಷೆ ಸರಿಯಾಗಿ ಹಿಡಿಯಲಾರದು, ಸೀಲಿಯಾಕ್ ಇರುವವರಿಗೆ ಅದನ್ನು ಕುಡಿಯಿರಿ ಅಂತ ನಾನಂತೂ ಹೇಳುವುದಿಲ್ಲ. ರಾಗಿಯಾದರೂ ದಾರಿಯಲ್ಲಿ ಕೆಡಬಹುದು. ನಮ್ಮ ಬೀದಿಯ ಮಿಲ್ಲಿನಲ್ಲಿ ಕೇಳಿದೆ, ಗೋಧಿ ಬೀಸಿದ ಮೇಲೆ ಕಲ್ಲು ತೊಳೀತೀರಾ ಅಂತ. "ಎರಡು ಹಿಡಿ ರಾಗಿ ಬಿಟ್ಟು ತೆಗೀತೀವಲ್ಲ, ಸಾಕು ಬಿಡಮ್ಮ" ಅಂದರು. ಮಾಲ್ಟನ್ನು ಮನೆಗೆ ತಂದು ಮಿಕ್ಸಿಯಲ್ಲೇ ಪುಡಿ ಮಾಡಿಕೊಂಡೆ.