ತಮಟೆ ಯಾರ ಕೈಯಲ್ಲಿ?

ಜಮೀನು ಜಪ್ತಿಯಾದಾಗ ಅಮೀನರು, ಅಂದರೆ ಆದೇಶ ಜಾರಿ ಮಾಡುವ ಕೋರ್ಟ್ ನೌಕರರು, ಕೋರ್ಟಿಗೆ ಕೊಡುವ ವರದಿಯಲ್ಲಿ ಇವತ್ತಿಗೂ ಒಂದು ಸಾಲು ಕಾಣುತ್ತದೆ: ‘ತಮಟೆ ಹೊಡೆಸಿ ಸಾರಲಾಯಿತು.’ ಕಕ್ಷಿದಾರರಿಗೆ ಓದಿ ಹೇಳಿದರೆ, ‘ಯಾವಾಗ ಹೊಡೆದ್ರು ಸಾರ್, ನಮಗೆ ಕೇಳಿಸಲೇ ಇಲ್ವಲ್ಲ’ ಎನ್ನುತ್ತಾರೆ. ಕೇಳಿಸಲಿ ಬಿಡಲಿ, 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 54ನೇ ನಿಯಮ ಹೇಳುವುದೇ ಹಾಗೆ. ಜಪ್ತಿ ಆದೇಶವನ್ನು ಆ ಆಸ್ತಿಯ ಬಳಿ ತಮಟೆ ಬಾರಿಸಿ, ಇಲ್ಲವೇ ರೂಢಿಯಲ್ಲಿರುವ ಬೇರೆ ವಿಧಾನದಲ್ಲಿ ಸಾರಬೇಕು.

ಸದ್ದಿನ ಬೆಲೆ ಬ್ರಿಟಿಷರಿಗೆ ಚೆನ್ನಾಗಿ ಗೊತ್ತಿತ್ತು. ನೋಟಿಸು ಓದಲು ಬಾರದವನಿಗೂ ತಮಟೆ ಅರ್ಥವಾಗುತ್ತದೆ, ಊರೆದುರು ಮಾನವೂ ಹೋಗುತ್ತದೆ. ಜನರ ಸದ್ದಿಗೆ ಮಾತ್ರ ಲಗಾಮು ಬೇಕಿತ್ತು. ಹಬ್ಬ, ಉತ್ಸವಗಳಲ್ಲಿ ಬೀದಿಯಲ್ಲಿ ಎಷ್ಟು ವಾದ್ಯ ನುಡಿಸಬಹುದೆಂದು ನಿಯಂತ್ರಿಸುವ ಅಧಿಕಾರವನ್ನು 1861ರ ಪೊಲೀಸ್ ಕಾಯ್ದೆಯ 30ನೇ ಕಲಂ ಪೊಲೀಸರ ಕೈಗೆ ಕೊಟ್ಟಿತು.

ಈ ಲೆಕ್ಕ ತಲೆಕೆಳಗಾದದ್ದು 1928ರಲ್ಲಿ, ಗುಜರಾತಿನ ಬಾರ್ಡೋಲಿಯಲ್ಲಿ. ಕಂದಾಯ ಶೇಕಡಾ 22ರಷ್ಟು ಏರಿತ್ತು, ವಲ್ಲಭಭಾಯಿ ಪಟೇಲರ ಮಾತಿನಂತೆ ರೈತರು ಕಟ್ಟುವುದನ್ನೇ ನಿಲ್ಲಿಸಿದ್ದರು. ಜಪ್ತಿಯವರು ಬರುವುದು ಕಂಡರೆ ಸಾಕು, ಕಾವಲಿದ್ದ ಸ್ವಯಂಸೇವಕರು ಡೋಲು ಬಡಿಯುತ್ತಿದ್ದರು, ಶಂಖ ಊದುತ್ತಿದ್ದರು. ಎಮ್ಮೆಗಳು ಒಳಗೆ, ಬಾಗಿಲಿಗೆ ಬೀಗ. ಅಧಿಕಾರಿ ಬಂದು ನೋಡಿದರೆ ಖಾಲಿ ಬೀದಿ. ರೈತನಿಗೆ ಸಾರಬೇಕಾದ ಡೋಲು ಅಧಿಕಾರಿಯನ್ನೇ ಸಾರುತ್ತಿತ್ತು!

ವಕೀಲನಾಗಿ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಸರ್ಕಾರಿ ನೌಕರನ ಕೆಲಸಕ್ಕೆ ಬೇಕೆಂದೇ ಅಡ್ಡಿಪಡಿಸಿದರೆ, 2024ರವರೆಗೆ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 186ನೇ ಕಲಮಿನಡಿ ಮೂರು ತಿಂಗಳವರೆಗೆ ಸಜೆ, 500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇತ್ತು. ಆದರೆ ಇಲ್ಲಿ ಅಡ್ಡಿ ಮಾಡಿದ್ದು ಯಾರು? ಡೋಲಿನವನು ಅಧಿಕಾರಿಯನ್ನು ಮುಟ್ಟಿಲ್ಲ, ದಾರಿಗೆ ಅಡ್ಡ ನಿಂತಿಲ್ಲ. ಬೀಗ ಹಾಕಿದವನು ಹಾಕಿದ್ದು ತನ್ನ ಮನೆಗೇ. ಇಬ್ಬರನ್ನೂ ಒಂದೇ ಕಟಕಟೆಗೆ ತಂದರೂ ನಡುವೆ ಇರುವುದು ಬರೀ ಸದ್ದು, ಅದಕ್ಕೆ ಪಂಚನಾಮೆ ಮಾಡುವುದು ಹೇಗೆ? ಆ ಕಾಲದಲ್ಲಿ ಪ್ರತಿವಾದಿಯ ಪರ ಎದ್ದು ನಿಂತು ಈ ವಾದ ಮಂಡಿಸುವ ಆಸೆ ನನಗೆ. ಗೆಲ್ಲುತ್ತಿದ್ದೆ ಎಂದೇನೂ ಅಲ್ಲ.

ಮರುವರ್ಷ ನೈಜೀರಿಯಾದ ಇಗ್ಬೊ ಹೆಂಗಸರು ತೆರಿಗೆಯ ಭಯದಿಂದ ಎದ್ದಾಗಲೂ ಹೀಗೇ. ಬ್ರಿಟಿಷರು ನೇಮಿಸಿದ್ದ ಮುಖ್ಯಸ್ಥರ ಮನೆ ಸುತ್ತುವರಿದು ಮೂದಲಿಸುವ ಹಾಡು ಹೇಳಿ ಕುಣಿದರು. ತಪ್ಪು ಮಾಡಿದ ಗಂಡಸಿನ ಗೋಡೆಗೆ ಒನಕೆ ಕುಟ್ಟಿ ಹಾಡುವುದು ಅಲ್ಲಿ ಹಳೆಯ ಶಿಕ್ಷೆ, ಹೆಂಗಸರದೇ ನ್ಯಾಯಾಲಯ ಎನ್ನಿ. ಸರ್ಕಾರ ಅದನ್ನು ‘ದಂಗೆ’ ಎಂದು ಬರೆದುಕೊಂಡಿತು. ಗುಂಡಿಗೆ ಐವತ್ತಕ್ಕೂ ಹೆಚ್ಚು ಹೆಂಗಸರು ಬಲಿಯಾದರು.

ಬಾರ್ಡೋಲಿ ಅಷ್ಟು ದೂರ ಹೋಗಲಿಲ್ಲ. ವಿಚಾರಣೆಯ ಬಳಿಕ ಏರಿಕೆ ಸುಮಾರು ಶೇಕಡಾ 6ಕ್ಕೆ ಇಳಿಯಿತು. ಹೋರಾಟದ ನಡುವೆ ಒಮ್ಮೆ ಪಟೇಲರು ಭಾಷಣ ಮಾಡುತ್ತಿದ್ದಾಗ, ಜಪ್ತಿಯಾಗಿ ಠಾಣೆಯಲ್ಲಿ ಕಟ್ಟಿಹಾಕಿದ್ದ ಎಮ್ಮೆಗಳು ಅರಚತೊಡಗಿದವಂತೆ. ಎಮ್ಮೆಗಳೂ ಭಾಷಣ ಮಾಡುತ್ತಿವೆ, ಬರೆದುಕೊಳ್ಳಿ ಎಂದು ಅವರು ವರದಿಗಾರರಿಗೆ ಹೇಳಿದರು.